ಕೈ ಸೋತ ದಿನದ ಲೆಕ್ಕ

ಕೆಲಸದಲ್ಲಿ ನಾನು ದಿನವೂ ನೋಡುವುದು ಮೂರು ಬಣ್ಣ. ಪ್ರಾಜೆಕ್ಟ್ ಸರಿಯಾಗಿ ನಡೆದಿದ್ದರೆ ಹಸಿರು, ತಡವಾಗುವ ಸೂಚನೆ ಇದ್ದರೆ ಹಳದಿ, ಕೈ ಮೀರಿದ್ದರೆ ಕೆಂಪು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಸ್ಟೇಟಸ್ ಶೀಟ್ ತೆರೆದಾಗ ಕೆಂಪು ಸಾಲುಗಳು ಹಳೆಯ ಇಟ್ಟಿಗೆಯ ಹಾಗೆ ಮಾಸಿ ಕಂಡವು. ಲ್ಯಾಪ್‌ಟಾಪಿನ ಪರದೆ ಕೆಟ್ಟಿರಬೇಕು ಅಂದುಕೊಂಡೆ. ಬಲಗಣ್ಣು ಮುಚ್ಚಿದರೆ ಮಾಸಲು, ಎಡಗಣ್ಣು ಮುಚ್ಚಿದರೆ ಅಪ್ಪಟ ಕೆಂಪು. ಕೆಟ್ಟಿದ್ದು ನನ್ನ ಎಡಗಣ್ಣಿನ ನರ.

ಎಂಆರ್‌ಐ, ಬೆನ್ನುಹುರಿಯ ನೀರಿನ ಪರೀಕ್ಷೆ ಎಲ್ಲ ಮುಗಿದ ಮೇಲೆ ಡಾಕ್ಟರು ಹೇಳಿದ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮಿದುಳು, ಬೆನ್ನುಹುರಿ, ಕಣ್ಣಿನ ನರಗಳ ಮೇಲಿನ ಹೊದಿಕೆಯನ್ನು ಕೆಡಿಸುವ ಕಾಯಿಲೆ. ಬರುತ್ತದೆ, ಹೋಗುತ್ತದೆ, ಮತ್ತೆ ಬರಬಹುದು. ಔಷಧಿಯಿಂದ ಅದರ ಓಟ ತಗ್ಗಿಸಬಹುದು, ಬುಡಸಮೇತ ಕೀಳಲಾಗದು. ನನ್ನ ಕಣ್ಣು ಎರಡು ತಿಂಗಳಲ್ಲಿ ಬಹುಪಾಲು ಸರಿಹೋಯಿತು. ಈಗಲೂ ಮೇ ತಿಂಗಳ ಬಿಸಿಲಲ್ಲಿ ರಾಯದುರ್ಗಂ ಮೆಟ್ರೋ ಸ್ಟೇಷನ್ನಿನಿಂದ ಆಫೀಸಿಗೆ ನಡೆದರೆ, ಮೈ ಕಾದಂತೆಲ್ಲ ಎಡಗಣ್ಣು ಮಂಜಾಗುತ್ತದೆ. ಎಸಿಯಲ್ಲಿ ಅರ್ಧ ಗಂಟೆ ಕೂತರೆ ತಿಳಿಯಾಗುತ್ತದೆ.

ಆವತ್ತು ಮಾರೇಡ್‌ಪಲ್ಲಿಯ ಮನೆಗೆ ಬಂದಾಗ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ. "ಇನ್ನ ಎಷ್ಟ್ ವರ್ಷ ಕೆಲಸ ಮಾಡಬಹುದು ಅಂತ ಕೇಳಿದ್ರೇನ್ರೀ?" ಕೇಳಿದ್ದೆ. ಯಾರೂ ಹೇಳಲಾರರು ಎಂದಿದ್ದರು ಡಾಕ್ಟರು. ನಿವೃತ್ತಿಯವರೆಗೂ ದುಡಿದವರಿದ್ದಾರೆ, ಕೆಲವೇ ವರ್ಷಗಳಲ್ಲಿ ಬಿಡಬೇಕಾಗಿ ಬಂದವರೂ ಇದ್ದಾರೆ.

ನನಗೆ ನಲವತ್ನಾಲ್ಕು. ಮಗಳು ಒಂಬತ್ತನೇ ಕ್ಲಾಸು. ಮನೆ ಸಾಲ ಇನ್ನೂ ಹನ್ನೊಂದು ವರ್ಷ. ವೃತ್ತಿಯ ಚಟ, ಒಂದು ರಿಸ್ಕ್ ರಿಜಿಸ್ಟರ್ ಬರೆಯಲು ಕೂತೆ. ಅವ್ವನಿಗೆ ಸಿಟ್ಟು ಬಂತು. "ಕೆಟ್ಟದ್ದು ಬರದಿಟ್ಟರ ಅದ ಬರ್ತದ ನೋಡು. ಅಸ್ತು ದೇವತೆಗೋಳು ಇರ್ತಾರ." ಆ ಮಾತನ್ನು ನಕ್ಕು ತಳ್ಳಿಹಾಕಲು ನನಗೆ ಆಗಲಿಲ್ಲ. ಆಸ್ಪತ್ರೆಯಿಂದ ಬಂದವನಿಗೆ ಧೈರ್ಯ ಹೇಳುವವರು ಬಹಳ, ಲೆಕ್ಕ ಹಾಕು ಎನ್ನುವವರು ಕಡಿಮೆ. ಲೆಕ್ಕ ಹಾಕಿದರೆ ಸೋಲು ಒಪ್ಪಿಕೊಂಡ ಹಾಗೆ ಎಂದು ನನಗೂ ಒಳಗೊಳಗೇ ಅನಿಸುತ್ತಿತ್ತು.

ಆದರೂ ಬರೆದೆ. ಕಂಪನಿಯ ಆರೋಗ್ಯ ವಿಮೆ ಕೆಲಸ ಇರುವವರೆಗೆ ಮಾತ್ರ. ಬಿಟ್ಟ ಮೇಲೆ ಹೊಸದಾಗಿ ಸ್ವಂತ ಪಾಲಿಸಿ ಕೊಳ್ಳಲು ಹೋದರೆ, ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು (2024ಕ್ಕೂ ಮೊದಲು ಈ ಮಿತಿ ನಾಲ್ಕು ವರ್ಷವಿತ್ತು). ಪಾಲಿಸಿ ಕೊಡಲೇ ಬೇಕೆಂದೂ ಇಲ್ಲ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಶಾಶ್ವತವಾಗಿ, ಪೂರ್ತಿಯಾಗಿ ಅಶಕ್ತನಾದವನಿಗೆ ಪಿಂಚಣಿ ಇದೆ, ಹತ್ತು ವರ್ಷದ ಸೇವೆಯ ಷರತ್ತೂ ಇಲ್ಲ. ಆದರೆ ಅದರ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 15,000 ರೂಪಾಯಿ. 2014ಕ್ಕೂ ಹಿಂದಿನ ವರ್ಷಗಳಿಗೆ ಇನ್ನೂ ಕಡಿಮೆ. ನನ್ನ ಇಪ್ಪತ್ತು ವರ್ಷದ ದುಡಿಮೆಗೆ ತಿಂಗಳಿಗೆ ಮೂರು ಸಾವಿರದ ಆಸುಪಾಸು ಬರುತ್ತದೆ. ಗ್ರಾಚ್ಯುಟಿಗೆ ಐದು ವರ್ಷ ಬೇಕು, ಅಶಕ್ತತೆಯಿಂದ ಕೆಲಸ ಹೋದರೆ ಆ ನಿಯಮವೂ ಇಲ್ಲ ಎಂಬುದು ಒಂದು ಸಮಾಧಾನ. ಕಂಪನಿ ಮಾಡಿಸಿದ ಅಪಘಾತ ವಿಮೆ ಅಪಘಾತಕ್ಕೆ ಮಾತ್ರ, ನಿಧಾನವಾಗಿ ಸೋಲುವ ಕಾಲಿಗೆ ಅಲ್ಲ. ಇಎಸ್‌ಐನಲ್ಲಿ ಕಾಯಿಲೆ ಬಿದ್ದವರಿಗೆ 91 ದಿನ ಶೇ. 70ರಷ್ಟು ಸಂಬಳ, ಪಟ್ಟಿಯಲ್ಲಿರುವ ದೀರ್ಘ ಕಾಯಿಲೆಗಳಿಗೆ ಎರಡು ವರ್ಷದವರೆಗೆ ಶೇ. 80ರಷ್ಟು ಸಿಗುತ್ತದೆ. ಆದರೆ ಅದು ತಿಂಗಳಿಗೆ 21,000 ರೂಪಾಯಿ ಒಳಗಿನವರಿಗೆ. ನಮ್ಮ ಆಫೀಸಿನ ಗೇಟಿನಲ್ಲಿ ನಿಲ್ಲುವ ಸೆಕ್ಯೂರಿಟಿಯವರಿಗೆ ಇರುವ ಆ ಆಸರೆ, ಅವರು ಸಲ್ಯೂಟ್ ಹೊಡೆದು ಒಳಗೆ ಬಿಡುವ ನನಗಿಲ್ಲ.

ಈ ಪಟ್ಟಿ ನೋಡುತ್ತ ಕೂತಾಗ ನೆನಪಾದದ್ದು ಅಪ್ಪ. ನಾವು ಸಿಕಂದರಾಬಾದಿಗೆ ಬಂದದ್ದೇ ಅವರ ಕೈ ಸೋತದ್ದರಿಂದ. ರಾಯಚೂರು ಜಿಲ್ಲೆಯವರು, ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಡ್ರೈವರು. 1989ರಲ್ಲಿ ವೈದ್ಯಕೀಯ ಪರೀಕ್ಷೆಯಲ್ಲಿ ಕಣ್ಣು ಫೇಲಾಯಿತು. ಅವರದು ಬೇರೆ ಕಾಯಿಲೆ, ನನ್ನದಕ್ಕೂ ಅದಕ್ಕೂ ನಂಟಿಲ್ಲ. ರೈಲ್ವೆ ಅವರನ್ನು ಮನೆಗೆ ಕಳಿಸಲಿಲ್ಲ. ಗಾಡಿ ಓಡಿಸಲು ಕಣ್ಣು ಸಾಲದಿದ್ದರೆ, ಆ ಕಣ್ಣಿಗೆ ಆಗುವ ಬೇರೆ ಕೆಲಸ ಕೊಡುವ ಪದ್ಧತಿ ಅಲ್ಲಿದೆ. ಮೆಡಿಕಲ್ ಡಿಕ್ಯಾಟಗರೈಸೇಶನ್ ಎನ್ನುತ್ತಾರೆ. ಅಪ್ಪನಿಗೆ ರೈಲ್ ನಿಲಯಂನಲ್ಲಿ ಗುಮಾಸ್ತರ ಕುರ್ಚಿ ಸಿಕ್ಕಿತು. ನನ್ನ ಎಂಟೆಕ್ ಆದದ್ದು ಆ ಕುರ್ಚಿಯಿಂದ. ಅವ್ವನ ಔಷಧಿ ಇವತ್ತಿಗೂ ಅವರ ಫ್ಯಾಮಿಲಿ ಪೆನ್ಷನ್ನಿನಲ್ಲಿ ಬರುತ್ತದೆ.

ಆದರೆ ಅಪ್ಪ ಆ ಕುರ್ಚಿಯನ್ನು ಕೊನೆಯವರೆಗೂ ಒಪ್ಪಲಿಲ್ಲ. ಊರಿಗೆ ಹೋದಾಗ "ಈಗ ಯಾವ ಗಾಡಿ ಓಡಸ್ತಿ?" ಎಂದು ಯಾರಾದರೂ ಕೇಳಿದರೆ ಯಾವುದೋ ಗಾಡಿಯ ಹೆಸರು ಹೇಳಿಬಿಡುತ್ತಿದ್ದರು. ನಾವು ಮಕ್ಕಳೂ ಸುಮ್ಮನಿರಬೇಕಿತ್ತು. ಅನ್ನ ಉಳಿದಿತ್ತು, ಮುಖ ಉಳಿದಿಲ್ಲ ಎಂಬುದು ಅವರ ಎಣಿಕೆ.

ಅಪ್ಪನಿಗೆ ಸಿಕ್ಕಂಥ ಆಸರೆ ಮುಂದೆ ಕಾನೂನೇ ಆಯಿತು. 1995ರ ಅಂಗವಿಕಲರ ಕಾಯ್ದೆಯ 47ನೇ ಕಲಮು, ಅದರ ಜಾಗಕ್ಕೆ ಬಂದ 2016ರ ಕಾಯ್ದೆಯ 20ನೇ ಕಲಮು, ಸೇವೆಯಲ್ಲಿರುವಾಗ ಅಶಕ್ತರಾದವರನ್ನು ಕೆಲಸದಿಂದ ತೆಗೆಯಬಾರದು, ಬೇರೆ ಹುದ್ದೆ ಕೊಡಬೇಕು ಎನ್ನುತ್ತವೆ. 2016ರ ಪಟ್ಟಿಯ 21 ವೈಕಲ್ಯಗಳಲ್ಲಿ ನನ್ನ ಕಾಯಿಲೆಯ ಹೆಸರೂ ಇದೆ. ಆದರೆ ಆ ರಕ್ಷಣೆ ಸರ್ಕಾರಿ ಸಂಸ್ಥೆಗಳ ನೌಕರರಿಗೆ.

ಕಳೆದ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪು ಈ ಊರಿನ ನಮಗೆ ಹತ್ತಿರದ್ದು. ತೆಲಂಗಾಣ ರಸ್ತೆ ಸಾರಿಗೆ ನಿಗಮದ ಚಾಲಕರೊಬ್ಬರಿಗೆ ಬಣ್ಣಗುರುಡು ಇದೆ ಎಂದು ಗೊತ್ತಾಗಿ ಕೆಲಸ ಹೋಗಿತ್ತು. ಬಣ್ಣಗುರುಡು ಕಾಯ್ದೆಯ ಪಟ್ಟಿಯಲ್ಲಿ ಇಲ್ಲ. ಆದರೂ ಅವರಿಗೆ ಬೇರೆ ಕೆಲಸ ಕೊಡಿ ಎಂದಿತು ಕೋರ್ಟು. ಆಧಾರವಾದದ್ದು 1979ರಲ್ಲಿ ಕಾರ್ಮಿಕ ಸಂಘಟನೆ ನಿಗಮದ ಜೊತೆ ಮಾಡಿಕೊಂಡ ಒಂದು ಒಪ್ಪಂದ. ಅದನ್ನು ಓದಿ ನಾನು ಬಹಳ ಹೊತ್ತು ಕೂತೆ. 1979ರಲ್ಲಿ ಆ ಕಲಮನ್ನು ಬರೆಸಿದವರಲ್ಲಿ ಎಷ್ಟು ಜನಕ್ಕೆ ಕಣ್ಣಿನ ತೊಂದರೆ ಇದ್ದೀತು? ಬಹುಪಾಲು ಗಟ್ಟಿಮುಟ್ಟಾದವರೇ ಇದ್ದಿರಬೇಕು. ಗಟ್ಟಿ ಇದ್ದಾಗ, ಮುಂದೆ ಯಾವತ್ತೋ ಸೋಲುವ, ಹೆಸರೂ ಗೊತ್ತಿಲ್ಲದ ಒಬ್ಬನಿಗಾಗಿ ಒಂದು ಸಾಲು ಬರೆಸಿದರು. ನಮ್ಮ ಐಟಿಯವರ ಕೈಯಲ್ಲಿ ಆಫರ್ ಲೆಟರ್ ಇದೆ, ಅಂಥ ಒಂದು ಸಾಲು ಇಲ್ಲ. ಬರೆಸಬೇಕೆಂದು ನಮಗೆ ಅನಿಸಿಯೂ ಇಲ್ಲ. ಸಂಬಳ ಚೆನ್ನಾಗಿತ್ತು.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಬೇಕು. ಆರು ವರ್ಷದ ಹಿಂದೆ, ಬೇರೊಂದು ಕಂಪನಿಯಲ್ಲಿದ್ದಾಗ, ನನ್ನ ಟೀಮಿನ ಹುಡುಗಿಯೊಬ್ಬಳಿಗೆ ಲೂಪಸ್ ಇತ್ತು. ಕೀಲು ನೋವು, ದಣಿವು, ಆಗಾಗ ರಜೆ. ಕೆಲಸದಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಅಪ್ರೈಸಲ್ಲಿನಲ್ಲಿ ಲಭ್ಯತೆ ಎಂಬ ಕಾಲಮ್ಮಿಗೆ ನಾನು ಕಡಿಮೆ ಅಂಕ ಕೊಟ್ಟೆ. ಎಂಟು ತಿಂಗಳಲ್ಲಿ ಅವಳು ರಾಜೀನಾಮೆ ಕೊಟ್ಟಳು. ಬೇಜಾರಾಯಿತು ಎಂದು ಎಲ್ಲರೆದುರು ಹೇಳಿದೆ. ನಿಜ ಹೇಳಬೇಕೆಂದರೆ, ಒಂದು ತಲೆನೋವು ಕಳೆಯಿತು ಅನಿಸಿತ್ತು.

ಈಗ ರಿಜಿಸ್ಟರ್ ಬರೆಯುವಾಗ ಒಂದು ವಿಷಯ ಹೊಳೆಯಿತು. ಇದನ್ನು ಬರೆಯುತ್ತಿರುವವನು ಇವತ್ತಿನ ನಾನು, ನಡೆಯಬಲ್ಲವನು, ಮೀಟಿಂಗಿನಲ್ಲಿ ಜೋರಾಗಿ ಮಾತಾಡಬಲ್ಲವನು. ಯಾರಿಗಾಗಿ ಬರೆಯುತ್ತಿದ್ದೇನೋ ಅವನನ್ನು ನಾನು ಕಂಡಿಲ್ಲ. ಅವನ ದಣಿವು ನನಗೆ ಗೊತ್ತಿಲ್ಲ. ಆ ಹುಡುಗಿ ಎಷ್ಟು ಪರಕೀಯಳೋ ಅವನೂ ಅಷ್ಟೇ ಪರಕೀಯ. ಅವಳ ವಿಷಯದಲ್ಲಿ ಆರು ನಿಮಿಷ ಯೋಚಿಸದವನು, ಇವನಿಗಾಗಿ ಆರು ರಾತ್ರಿ ಕೂತು ಲೆಕ್ಕ ಹಾಕುತ್ತಿದ್ದೆ. ವ್ಯತ್ಯಾಸ ಒಂದೇ, ಅವನ ಪ್ಯಾನ್ ಕಾರ್ಡಿನಲ್ಲಿ ನನ್ನ ಹೆಸರಿದೆ.

ಅದೇ ವಾರ ಗೆಳೆಯನೊಬ್ಬ ಉಪಾಯ ಹೇಳಿದ. ದೊಡ್ಡ ಮೊತ್ತದ ಟರ್ಮ್ ಪಾಲಿಸಿ ತಗೋ. "ಫಾರ್ಮಿನ್ಯಾಗ ಏನೂ ರೋಗ ಇಲ್ಲ ಅಂತ ಬರಿ. ಮೂರು ವರ್ಷ ದಾಟಿಸು. ಆಮ್ಯಾಲ ಯಾರೂ ಕೇಳಂಗಿಲ್ಲ." ಅವನು ಗಾಳಿಮಾತು ಆಡಿರಲಿಲ್ಲ. 1938ರ ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ ಮೂರು ವರ್ಷ ಕಳೆದ ಜೀವವಿಮೆಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಎರಡು ದಿನ ಆ ಫಾರ್ಮು ತೆರೆದೇ ಇತ್ತು. ನಿಜ ಬರೆದವನಿಗೆ ಬಾಗಿಲು ಮುಚ್ಚಿ, ಸುಳ್ಳು ಬರೆದವನಿಗೆ ತೆರೆಯುವ ವ್ಯವಸ್ಥೆಯ ಮುಂದೆ ನಾನೊಬ್ಬ ಯಾಕೆ ಸತ್ಯವಂತನಾಗಬೇಕು? ಇದಕ್ಕೆ ಪೂರ್ತಿ ಉತ್ತರ ನನ್ನಲ್ಲಿ ಇವತ್ತಿಗೂ ಇಲ್ಲ. ಆದರೆ ವಿಮಾ ಕಂಪನಿ ಕೊಡುವ ದುಡ್ಡು ಕಂಪನಿಯದಲ್ಲ, ನನ್ನಂಥವರೇ ಕಂತು ಕಟ್ಟಿ ತುಂಬಿದ ಪಾತ್ರೆ ಅದು. ಇನ್ನೊಂದು, ಆ ಸುಳ್ಳನ್ನು ನಾನೊಬ್ಬನೇ ಕಾಯಲಾಗುವುದಿಲ್ಲ. ಮೂರು ವರ್ಷ ಹೆಂಡತಿ ಔಷಧಿ ಚೀಟಿ ಮುಚ್ಚಿಡಬೇಕು, ಮಗಳು ಬಾಯಿ ಮುಚ್ಚಿಕೊಂಡಿರಬೇಕು. ಊರಿನ ಕಟ್ಟೆಯ ಮೇಲೆ ಅಪ್ಪ ಗಾಡಿಯ ಹೆಸರು ಹೇಳುತ್ತಿದ್ದಾಗ ನಾನು ಹಾಗೇ ನಿಂತಿರುತ್ತಿದ್ದೆ. ಫಾರ್ಮು ಮುಚ್ಚಿದೆ.

ಹಾಗಾದರೆ ಉಳಿದದ್ದು ಕೂಡಿಡುವುದು. ನಮ್ಮ ಲಿಂಗಸೂಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ವಲಸೆ ಹೋದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ಆಸೆ, ತಂದಲ್ಲೇ ಸುರಿದು ಬಾ ಎಂದು ಲಕ್ಕಮ್ಮ ವಾಪಸು ಕಳಿಸಿದಳು. ಚಿಕ್ಕಂದಿನಿಂದ ಕೇಳಿದ ಈ ಕಥೆ ಈಗ ನನ್ನ ಫಿಕ್ಸೆಡ್ ಡಿಪಾಸಿಟ್ ಪಟ್ಟಿಯ ಪಕ್ಕ ಬಂದು ಕೂತಿತು. ಮಾರಯ್ಯ ಮಲಗಿಬಿಟ್ಟಿದ್ದರೆ? ಆಗ ಕಲ್ಯಾಣದಲ್ಲಿ ಕಾಯಕದ ಜೊತೆಗೆ ದಾಸೋಹವೂ ಇತ್ತು. ಕೈ ಸೋತವನಿಗೆ ಎಲೆ ಹಾಕುವವರಿದ್ದಾರೆ ಎಂಬ ನಂಬಿಕೆ ಇದ್ದದ್ದರಿಂದಲೇ ಅವಳು ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಕಳಿಸಬಲ್ಲವಳಾದಳು ಎಂದು ನನಗನಿಸುತ್ತದೆ. ನಾವು ಕಾಯಕವನ್ನು ಇಟ್ಟುಕೊಂಡು ದಾಸೋಹವನ್ನು ಬಿಟ್ಟವರು. ದಾಸೋಹವಿಲ್ಲದ ಊರಲ್ಲಿ ಕೂಡಿಡುವುದು ದುರಾಸೆಯಲ್ಲ. ಆದರೆ ಒಬ್ಬೊಬ್ಬನೂ ತನ್ನ ತನ್ನ ಮಡಕೆಯನ್ನಷ್ಟೇ ತುಂಬಿಕೊಳ್ಳುವುದು ಸಾಕೆಂದು ಹೇಳಲೂ ಆಗುವುದಿಲ್ಲ.

ಹೀಗಾಗಿ ನಾನು ಎರಡು ಕಡತ ಮಾಡಿದೆ. ಒಂದು ಮನೆಯದು. ಒಂದು ವರ್ಷದ ಮನೆಖರ್ಚು ಬೇರೆ ಖಾತೆಯಲ್ಲಿ, ಸಾಲದ ಕಂತು ಬೇಗ ತೀರಿಸುವ ಯೋಜನೆ, ಪಿಎಫ್ ನಾಮಿನಿ, ಪಾಸ್‌ವರ್ಡುಗಳು, ವೈಕಲ್ಯ ಪ್ರಮಾಣಪತ್ರಕ್ಕೆ ಬೇಕಾದ ಕಾಗದಗಳು. ಭಾನುವಾರ ಹೆಂಡತಿಯ ಜೊತೆ ಕೂತು ಎಲ್ಲ ತೋರಿಸಿದೆ. ಎರಡನೆಯದು ಆಫೀಸಿನದು. ಕಾಯಿಲೆಯ ವಿಷಯ ಬಾಸ್‌ಗೆ ಹೇಳಿದೆ. ರಾತ್ರಿ ಕರೆಗಳಿರುವ ಪ್ರಾಜೆಕ್ಟಿನಿಂದ ತೆಗೆದರು, ಬೋನಸ್ಸೂ ಸಣ್ಣದಾಯಿತು. 2016ರ ಕಾಯ್ದೆಯಂತೆ ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶದ ನೀತಿಯೊಂದನ್ನು ಪ್ರಕಟಿಸಬೇಕು. ನಮ್ಮದನ್ನು ಮೊದಲ ಸಲ ಓದಿದೆ. ಕಾಯಿಲೆಯ ರಜೆಯನ್ನು ಅಪ್ರೈಸಲ್ಲಿಗೆ ಹಿಡಿಯಬಾರದು ಎಂಬ ಸಾಲು ಸೇರಿಸಿ ಎಂದು ಬರೆದು ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಆ ಹುಡುಗಿಗೂ ಒಂದು ಮೇಲ್ ಬರೆದೆ. ಕ್ಷಮೆ ಕೇಳಿದೆ, ನನ್ನ ಸುದ್ದಿಯನ್ನೂ ಹೇಳಿದೆ. ನಾಲ್ಕು ದಿನ ಬಿಟ್ಟು ಉತ್ತರ ಬಂತು. ಕ್ಷಮೆಯ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. "ಸರ್, ಮುಂದೆ ಯಾವತ್ತಾದರೂ ಕೆಲಸ ಬಿಡಬೇಕಾಗಿ ಬಂದರೆ, ಕೊನೆಯ ದಿನಕ್ಕೂ ಮುಂಚೆ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಡಿ ಅಂತ ಅರ್ಜಿ ಹಾಕಿ. ಅದಕ್ಕೆ ಅವಕಾಶ ಇದೆ. ನನಗೆ ಆಗ ಯಾರೂ ಹೇಳಲಿಲ್ಲ."

ಆ ಸಾಲನ್ನು ಎರಡೂ ಕಡತಗಳಲ್ಲಿ ಬರೆದಿಟ್ಟಿದ್ದೇನೆ.