ನಾಯಿಯ ಋಣ

ಮಲೆನಾಡಿನ ಮನೆಗಳಲ್ಲಿ ಆಳಿನ ಸಂಬಳಕ್ಕೆ ಲೆಕ್ಕವಿದೆ, ಅಡಿಕೆಗೆ ಲೆಕ್ಕವಿದೆ. ನಾಯಿಯ ಲೆಕ್ಕ ಬರೆದಿಟ್ಟವರನ್ನು ನಾನು ಕಾಣೆ. ಮಿಕ್ಕ ಅನ್ನ ಹಾಕಿದರೆ ಮುಗಿಯಿತು ಎಂದುಕೊಂಡಿರುತ್ತೇವೆ. ಕತ್ತಲಲ್ಲಿ ಕೊಟ್ಟಿಗೆಯ ಸೊಪ್ಪಿನೊಳಗೆ ಏನೋ ಸರಿದಾಗ ಮೊದಲು ಮೂತಿ ಒಡ್ಡುವುದು ಅದೇ. ಹಾವು ಅದಕ್ಕೆ ಕಚ್ಚುವುದೂ ಹೆಚ್ಚಾಗಿ ಮೂತಿಗೆ, ಇಲ್ಲವೇ ಕಾಲಿಗೆ.

ಆಗುಂಬೆ ಎಂದೊಡನೆ ಎಲ್ಲರಿಗೂ ಕಾಳಿಂಗ ಸರ್ಪ ನೆನಪಾಗುತ್ತದೆ. ಅದರ ವಿಷ ನರಗಳಿಗೆ ಏರುತ್ತದೆ. ರಕ್ತವನ್ನು ಕೆಡಿಸುವುದು ಮಂಡಲದ ಜಾತಿ. ಕೊಳಕುಮಂಡಲದ ವಿಷ ಸೇರಿದರೆ, ಗಾಯ ಮುಚ್ಚಲೆಂದು ರಕ್ತದಲ್ಲಿರುವ ಹೆಪ್ಪಿನ ಅಂಶಗಳೆಲ್ಲ ಮೈಯೊಳಗೇ ವ್ಯರ್ಥವಾಗಿ ಮುಗಿದುಹೋಗುತ್ತವೆ. ಆಮೇಲೆ ವಸಡಿನಲ್ಲಿ, ಮೂತ್ರದಲ್ಲಿ, ಸೂಜಿ ಚುಚ್ಚಿದಲ್ಲಿ ರಕ್ತ ಒಸರತೊಡಗಿದರೆ ತಡೆಯಲು ಏನೂ ಉಳಿದಿರುವುದಿಲ್ಲ. ಇದಕ್ಕೊಂದು ಸರಳ ಪರೀಕ್ಷೆಯಿದೆ. ಒಣಗಿದ, ಶುಭ್ರವಾದ ಗಾಜಿನ ನಳಿಕೆಗೆ ಸ್ವಲ್ಪ ರಕ್ತ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ಮೊಸರು ಹೆಪ್ಪಾಯಿತೇ ಎಂದು ನಾವು ಪಾತ್ರೆ ವಾಲಿಸುವ ಹಾಗೆ ವಾಲಿಸಿ ನೋಡುತ್ತಾರೆ. ನೀರಿನಂತೆ ಹರಿದರೆ ಅಪಾಯ.

ಆಗ ಮನೆಯಲ್ಲಿ ಒಂದು ಮಾತು ಏಳುತ್ತದೆ: "ಒಂದು ನಾಯಿಗೆ ಇಷ್ಟೆಲ್ಲ ಯಾಕೆ?" ಸುಮ್ಮನೆ ತಳ್ಳಿಹಾಕುವ ಮಾತಲ್ಲ ಅದು. ನಾಯಿಗೂ ಕೊಡುವುದು ಮನುಷ್ಯರಿಗೆ ಕೊಡುವ ಔಷಧಿಯನ್ನೇ. ಅದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೆ ಮಾಡಿದ್ದು. ನಮ್ಮ ಕಾಡಿನ ಗುಳಿಮಂಡಲ ಆ ಪಟ್ಟಿಯಲ್ಲಿಲ್ಲ. ಖರ್ಚು ಮಾಡಿಯೂ ನಾಯಿ ಉಳಿಯದೆ ಹೋಗಬಹುದು. ಇರುವುದೊಂದೇ ಸೀಸೆ, ಎದುರಿಗೆ ಹಾವು ಕಚ್ಚಿದ ಮಗು ಎಂದಾದರೆ ಔಷಧಿ ಮಗುವಿಗೇ ಸಲ್ಲಬೇಕು. ಅದರಲ್ಲಿ ಎರಡು ಮಾತಿಲ್ಲ.

ಆದರೆ ನಿಜ ಹೇಳಿ, ನಮ್ಮೆದುರು ಅಂಥ ಸಂದರ್ಭ ಎಷ್ಟು ಸಲ ಬರುತ್ತದೆ? ಮಳೆಯಲ್ಲಿ ಜೀಪು ಹೊರಡಿಸಲು ಬೇಸರವಾದಾಗಲೇ ಇಲ್ಲದ ಮಗುವನ್ನು ನಾವು ಅಡ್ಡ ತರುವುದು. ಆ ಔಷಧಿಯಾದರೂ ಬಂದದ್ದು ಎಲ್ಲಿಂದ? ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿ, ಅದರ ರಕ್ತದಿಂದ ತೆಗೆದದ್ದು. ನಮ್ಮ ಮುಖವನ್ನೇ ಕಾಣದ ಒಂದು ಪ್ರಾಣಿ ನಮಗಾಗಿ ನೋವು ತಿಂದಿದೆ. ಹಾಗಿರುವಾಗ ಬಾಗಿಲಲ್ಲೇ ಮಲಗಿದ ಪ್ರಾಣಿಯ ಬೆಲೆ ಕೇಳಲು ನಾಲಿಗೆ ಸ್ವಲ್ಪ ತಡೆಯಬೇಕು.

ನಾಯಿಯನ್ನು ಮುದ್ದಿಸಲೇಬೇಕೆಂದು ನಾನು ಹೇಳುವುದಿಲ್ಲ. ಪ್ರೀತಿ ಅವರವರ ಇಷ್ಟ, ಋಣ ಹಾಗಲ್ಲ. ಉಳಿಯುವುದಿಲ್ಲ, ಇನ್ನು ನರಳಿಸಬೇಡಿ ಎಂದು ಡಾಕ್ಟರು ಹೇಳಿದರೆ ಅದನ್ನು ಒಪ್ಪಿಕೊಳ್ಳುವುದೂ ಋಣ ತೀರಿಸುವ ಒಂದು ರೀತಿಯೇ. ಆದರೆ ಆ ಮಾತು ಪರೀಕ್ಷೆಯಾದ ಮೇಲೆ ಬರಬೇಕು, ಜಗಲಿಯಲ್ಲೇ ತೀರ್ಮಾನವಾಗಬಾರದು. ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರುವುದಿಲ್ಲ ಎಂದ. ನಮ್ಮನ್ನು ಅಷ್ಟು ದೂರ ಯಾರೂ ಕರೆದಿಲ್ಲ. ತೀರ್ಥಹಳ್ಳಿಗೆ, ಹೆಚ್ಚೆಂದರೆ ಶಿವಮೊಗ್ಗಕ್ಕೆ ಹೋದರೆ ಸಾಕು.