ಆ ಮಗು ಯಾಕೆ ಬಾಯಿ ಮುಚ್ಚಿ ನಕ್ಕಿತು?



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಹೀಗೆ ನಾಲ್ಕೂ ಕಡೆಯಿಂದ ನೀವು ಬಿಸಿಲಲ್ಲಿ ಈ ಬೆಟ್ಟ ಹತ್ತಿ ಬಂದಿದ್ದೀರಿ. ಕೈಯಲ್ಲಿ ಮೇಣದಬತ್ತಿ, ಚೀಲದಲ್ಲಿ ಊರಿಂದ ತುಂಬಿಸಿಕೊಂಡು ಬಂದ ನೀರಿನ ಬಾಟಲಿ. ಇವತ್ತು ಆ ಬಾಟಲಿಯ ಬಗ್ಗೆಯೇ ಮಾತಾಡೋಣ. ಅದಕ್ಕೂ ಮೊದಲು ನನ್ನದೊಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದೆ ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದೆ. ಹತ್ತು ವರ್ಷದ ಒಬ್ಬ ಹುಡುಗಿ ನಗು ಬಂದಾಗೆಲ್ಲ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಹಲ್ಲಿನ ಮೇಲೆ ಕಂದು ಕಲೆ. ನಾನು ಎಲ್ಲರೆದುರಿಗೇ, "ದಿನಾ ಹಲ್ಲುಜ್ಜಬೇಕಮ್ಮ, ದೇವರು ಕೊಟ್ಟ ಹಲ್ಲನ್ನು ಹಿಂಗಾ ಇಟ್ಕೊಳ್ಳೋದು?" ಅಂದುಬಿಟ್ಟೆ. ಉಳಿದ ಮಕ್ಕಳು ನಕ್ಕರು. ಮುಂದಿನ ಭಾನುವಾರ ಅವಳು ಬರಲಿಲ್ಲ. ಅವಳ ತಾಯಿ ಬಂದರು. "ಫಾದರ್, ನನ್ ಮಗಳು ಎರಡೂ ಹೊತ್ತು ಹಲ್ಲುಜ್ತಾಳ. ನಮ್ಮೂರ್ ನೀರೇ ಹಂಗೈತಿ. ನನ್ ಹಲ್ಲೂ ನೋಡ್ರಿ" ಅಂದರು. ನನಗೆ ತಲೆ ಎತ್ತಲಾಗಲಿಲ್ಲ.

ಆ ನೀರಿನಲ್ಲಿ ಇದ್ದದ್ದು ಫ್ಲೋರೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಲೋಟದಲ್ಲಿ ಹಿಡಿದು ನೋಡಿದರೆ ನೀರು ಸ್ಫಟಿಕದ ಹಾಗೆ ತಿಳಿಯಾಗಿರುತ್ತದೆ. ನಮ್ಮ ಬಯಲುಸೀಮೆಯ ನೆಲದಡಿಯ ಗಟ್ಟಿ ಬಂಡೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ಬಂಡೆಯ ಬಿರುಕುಗಳಲ್ಲಿ ವರ್ಷಾನುಗಟ್ಟಲೆ ನಿಂತ ನೀರಿಗೆ ಅದು ನಿಧಾನಕ್ಕೆ ಕರಗಿ ಸೇರುತ್ತದೆ. ಆಳದ ನೀರೆಲ್ಲ ಕೆಟ್ಟದ್ದೇನಲ್ಲ, ಆದರೆ ಮಳೆ ಕೈಕೊಟ್ಟು ಬೋರು ಇನ್ನೂ ಕೆಳಗಿಳಿಸಿದ ಹಾಗೆಲ್ಲ ಆ ಹಳೇ ನೀರೇ ಮೇಲೆ ಬರುವುದು ಹೆಚ್ಚು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತ್ತು. ಆ ವರ್ಷ ಎಷ್ಟು ಬೋರು ಲಾರಿಗಳು ನಿಮ್ಮೂರಿಗೆ ಬಂದವು, ನೆನಪು ಮಾಡಿಕೊಳ್ಳಿ.

ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಂ, ಅದೇ ಮಿತಿ. ಅದಕ್ಕಿಂತ ಹೆಚ್ಚಾದ ನೀರನ್ನು ಚಿಕ್ಕಂದಿನಿಂದ ಕುಡಿದರೆ, ಹಲ್ಲು ಇನ್ನೂ ಒಸಡಿನೊಳಗೆ ರೂಪುಗೊಳ್ಳುವಾಗಲೇ ಕಲೆ ಕೂರುತ್ತದೆ. ಯಾವ ಪೇಸ್ಟಿಗೂ ಅದು ಹೋಗುವುದಿಲ್ಲ. ಮಿತಿ ಬಹಳ ಮೀರಿದ ನೀರನ್ನು ಹತ್ತಾರು ವರ್ಷ ಕುಡಿದರೆ ಮೂಳೆಗೆ ಇಳಿಯುತ್ತದೆ. ಕೀಲು ಬಿಗಿಯುತ್ತದೆ, ಬೆನ್ನು ಬಗ್ಗುವುದಿಲ್ಲ. ತಾಯಂದಿರು ಗಮನಿಸಿ: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುವುದರಿಂದ ಅದರ ಅಂಶ ಇನ್ನೂ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು.

ಯೊವಾನ್ನರ ಶುಭಸಂದೇಶದ ಒಂಬತ್ತನೇ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬ ದಾರಿಯಲ್ಲಿ ಸಿಗುತ್ತಾನೆ. ಶಿಷ್ಯರಿಗೆ ಮೊದಲು ಹೊಳೆದದ್ದು ಕರುಣೆಯಲ್ಲ, ವಿಚಾರಣೆ. ಪಾಪ ಮಾಡಿದವನು ಇವನೋ, ಇವನ ಹೆತ್ತವರೋ? ಇಬ್ಬರೂ ಅಲ್ಲ ಎಂದರು ಯೇಸುಸ್ವಾಮಿ. ಅಷ್ಟು ಹೇಳಿ ಸುಮ್ಮನಾಗಲಿಲ್ಲ, ಮಣ್ಣಿಗೆ ಉಗುಳಿ, ಕಲಸಿ, ಕಣ್ಣಿಗೆ ಹಚ್ಚಿ, ಕೊಳದಲ್ಲಿ ತೊಳೆದುಕೋ ಎಂದು ಕಳಿಸಿದರು. ಆ ಹುಡುಗಿಯ ಮುಂದೆ ನಾನು ನಿಂತಿದ್ದು ಶಿಷ್ಯರ ಸಾಲಿನಲ್ಲಿ. ಮಂಡಿಯೂರಲಾಗದ ಅಜ್ಜಿಯನ್ನು ನೋಡಿ "ಭಕ್ತಿ ಸಾಲದು" ಅಂದುಕೊಂಡವರು, ಸೊಸೆಯಾಗಿ ಬಂದವಳ ಹಲ್ಲು ನೋಡಿ ಮೂಗು ಮುರಿದವರು ನಮ್ಮಲ್ಲಿ ಇನ್ನೆಷ್ಟು ಮಂದಿಯೋ.

ಇನ್ನೊಂದು ಕಥೆ ಇದೆ, ಬಹಳ ಮಂದಿ ಓದದೇ ದಾಟಿಹೋಗುವಂಥದ್ದು. ಅರಸುಗಳು ಎರಡನೆಯ ಭಾಗ, ಎರಡನೇ ಅಧ್ಯಾಯದ ಕೊನೆ. ಜೆರಿಕೊ ಊರಿನ ಜನ ಪ್ರವಾದಿ ಎಲೀಷನ ಹತ್ತಿರ ಬಂದು, ಊರು ಚೆನ್ನಾಗಿದೆ, ನೀರು ಮಾತ್ರ ಕೆಟ್ಟದ್ದು ಎಂದು ಹೇಳಿಕೊಳ್ಳುತ್ತಾರೆ. ಜಗಳೂರಿನ ಮಾತೇ ಅಲ್ಲವೇ ಇದು? ನನಗೆ ಇಲ್ಲಿ ಇಷ್ಟವಾಗುವುದು ಎಲೀಷನ ನಡೆ. ಮನೆಮನೆಗೆ ಹೋಗಿ ಕೊಡಗಳನ್ನು ಆಶೀರ್ವದಿಸಲಿಲ್ಲ ಅವನು. ನಿಮ್ಮ ಪೂರ್ವಿಕರ ಪಾಪ ಎನ್ನಲೂ ಇಲ್ಲ. ಹೊಸ ಬಟ್ಟಲಲ್ಲಿ ಉಪ್ಪು ತರಿಸಿ, ನೀರು ಹುಟ್ಟುವ ಬುಗ್ಗೆಯ ತನಕ ನಡೆದುಹೋಗಿ ಅಲ್ಲಿ ಹಾಕಿದ. (ದಯವಿಟ್ಟು ಯಾರೂ ನಿಮ್ಮ ಬೋರಿಗೆ ಉಪ್ಪು ಸುರಿಯಬೇಡಿ! ಫ್ಲೋರೈಡ್ ತೆಗೆಯಲು ನಾಗಪುರದ ನೀರಿ ಸಂಸ್ಥೆಯವರು ರೂಪಿಸಿದ ವಿಧಾನದಲ್ಲಿ ಬಳಸುವುದು ಸ್ಫಟಿಕ ಮತ್ತು ಸುಣ್ಣ. ಅದನ್ನೂ ಅಳತೆ ಬಲ್ಲವರೇ ಮಾಡಬೇಕು.)

ಬುಗ್ಗೆಯ ತನಕ ಹೋಗುವ ಕೆಲಸ ನಮ್ಮ ಜಿಲ್ಲೆಯಲ್ಲೂ ನಡೆದಿದೆ. ಹೊನ್ನಾಳಿಯವರೇ, ನಿಮ್ಮ ಸೇತುವೆಯ ಕೆಳಗೆ ಹರಿದುಹೋಗುವ ತುಂಗಭದ್ರೆಯನ್ನು ಮುಂದೆ ಹರಿಹರ ತಾಲ್ಲೂಕಿನಲ್ಲಿ ಎತ್ತಿ, ಪೈಪಿನಲ್ಲಿ ಜಗಳೂರಿನ ಕಡೆಗೆ ಹರಿಸುವ 57 ಕೆರೆಗಳ ಯೋಜನೆ ಬಂತು. ಅದರ ಬೆನ್ನು ಹತ್ತಿ ನಿಂತವರು ಸಿರಿಗೆರೆಯ ತರಳಬಾಳು ಶ್ರೀಗಳು. ಒಳ್ಳೆಯ ಸಮಾರಿಯನು ಯಾವ ಪಂಗಡದವನು ಎಂದು ಕೇಳುವ ಅಭ್ಯಾಸ ಬಿಟ್ಟವರಿಗೆ ಇದನ್ನು ಸಂತೋಷದಿಂದ ಹೇಳಲು ಏನೂ ಕಷ್ಟವಿಲ್ಲ. ಚನ್ನಗಿರಿಯವರೇ, ನಿಮ್ಮ ಸೂಳೆಕೆರೆಯ ನೀರು ಚಿತ್ರದುರ್ಗದ ಮನೆಗಳ ನಲ್ಲಿಯಲ್ಲಿ ಬರುತ್ತದೆ, ಗೊತ್ತಲ್ಲ? ಶಾಂತವ್ವ ಎಂಬ ಹೆಣ್ಣುಮಗಳು ಕಟ್ಟಿಸಿದ್ದು ಎಂದು ಜನ ಹೇಳುವ ಆ ಕೆರೆ, ಅವಳು ಕಂಡೇ ಇರದ ಊರಿನ ಮಕ್ಕಳ ದಾಹ ತೀರಿಸುತ್ತಿದೆ. ಲೂಕರ ಶುಭಸಂದೇಶದ ಶ್ರೀಮಂತ, ಸತ್ತ ಮೇಲೆ ಲಾಜರನ ಬೆರಳ ತುದಿಯ ಒಂದು ಹನಿ ನೀರಿಗಾಗಿ ಅಂಗಲಾಚಿದ. ಬದುಕಿದ್ದಾಗ ಆ ಲಾಜರ ಬಿದ್ದಿದ್ದದ್ದು ಅವನ ಬಾಗಿಲಲ್ಲೇ. ನೀರು ಇರುವ ತಾಲ್ಲೂಕಿಗೂ ಇಲ್ಲದ ತಾಲ್ಲೂಕಿಗೂ ಅಷ್ಟೇ ದೂರ.

ಊರಿಗೆ ಹೋದ ಮೇಲೆ ನಿಮ್ಮ ಬೋರಿನ ನೀರನ್ನು ಪರೀಕ್ಷೆ ಮಾಡಿಸಿ. 2019ರಲ್ಲಿ ಶುರುವಾದ ಜಲಜೀವನ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐದು ಮಂದಿ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡುವ ಏರ್ಪಾಡು ಇಟ್ಟಿದ್ದರು. ನಿಮ್ಮೂರಲ್ಲಿ ಅವರು ಯಾರು, ಪಂಚಾಯ್ತಿಯಲ್ಲಿ ಕೇಳಿ.

ಆ ಹುಡುಗಿಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವಳು ಏನೂ ಹೇಳಲಿಲ್ಲ, ಒಂದು ಲೋಟ ನೀರು ತಂದು ಕೊಟ್ಟಳು. ಕುಡಿದೆ. ಎರಡು ವಾರ ಬಿಟ್ಟು ತರಗತಿಗೆ ಬಂದಳು.

ಹೋದ ಸಲದ ಜಾತ್ರೆಯಲ್ಲಿ ಮೆಟ್ಟಿಲು ಹತ್ತಲಾಗದೆ ಕೆಳಗೇ ಕೂತಿದ್ದ ಒಬ್ಬ ಅಜ್ಜನಿಗೆ ಬೆಟ್ಟದ ಮೇಲಿನಿಂದ ತೀರ್ಥದ ನೀರು ತಂದುಕೊಟ್ಟೆ. ಶಿಲುಬೆ ಗುರುತು ಹಾಕಿಕೊಂಡು, ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನ ಟೆಸ್ಟ್ ಮಾಡ್ಸೀರೇನ್ರಿ, ಫಾದರ್?" ಅಂದರು. ಮಾಡಿಸಿರಲಿಲ್ಲ. ಮರುದಿನವೇ ಒಂದು ಬಾಟಲಿ ತುಂಬಿಸಿ, ಮೇಲೆ ಚೀಟಿ ಅಂಟಿಸಿ ಪರೀಕ್ಷೆಗೆ ಕಳಿಸಿದೆವು.