ತೀರಿಸಲಾಗದ ಸಾಲ: ಹೊಣೆ ಯಾರದು?

ಪ್ರವಾದಿವರ್ಯರ(ಸ) ಮುಂದೆ ಒಂದು ಮಯ್ಯಿತನ್ನು ತಂದಿಡಲಾಯಿತು. ಸತ್ತವನ ಮೇಲೆ ಸಾಲವಿದೆಯೇ ಎಂದು ಅವರು ವಿಚಾರಿಸಿದರು. ಕೆಲವು ದೀನಾರ್‌ಗಳ ಸಾಲವಿತ್ತು. ಅದನ್ನು ತೀರಿಸಲು ಅವನು ಏನನ್ನೂ ಬಿಟ್ಟಿರಲಿಲ್ಲ. ಹಾಗಿದ್ದರೆ ನೀವೇ ನಮಾಝ್ ನಿರ್ವಹಿಸಿಕೊಳ್ಳಿರೆಂದು ಸಂಗಾತಿಗಳಿಗೆ ಹೇಳಿ ಅವರು ಹಿಂದೆ ಸರಿದರು. ಆ ಸಾಲದ ಹೊಣೆ ನನ್ನದೆಂದು ಅಬೂ ಕತಾದ(ರ) ಮುಂದೆ ಬಂದ ಬಳಿಕವೇ ಅವರು ಆ ಜನಾಝ ನಮಾಝಿಗೆ ನಿಂತರು.

ಬುಖಾರಿಯಲ್ಲಿರುವ ಈ ಘಟನೆಯನ್ನು ಬಯಾನ್‌ಗಳಲ್ಲಿ ಕೇಳದವರಿಲ್ಲ. ಕೇಳಬೇಕಾದದ್ದೇ. ಆದರೆ ಇದನ್ನು ಕೇಳುವವರೆಲ್ಲ ಒಂದೇ ಸ್ಥಿತಿಯವರಲ್ಲ. ಎರಡು ಎಕರೆ ನೀರಾವರಿ ಇದ್ದೂ ಅಂಗಡಿಯವನ ಬಾಕಿಯನ್ನು ವರ್ಷಗಟ್ಟಲೆ ಎಳೆದಾಡುವವನಿಗೆ ಇದು ಮೈ ಮೇಲಿನ ನೊಣದಂತೆ. ಕೊನೆಯ ಸಫ್‌ನಲ್ಲಿ ಕುರ್ಚಿಯ ಮೇಲೆ ಕುಳಿತು, ಊರುಗೋಲನ್ನು ಗೋಡೆಗೆ ಒರಗಿಸಿಟ್ಟು ಕೇಳುವವನಿಗೆ ಮಾತ್ರ ಇದು ನಿದ್ದೆ ಕೆಡಿಸುವ ಮಾತು. ಅವನ ಆದಾಯ ಸರ್ಕಾರದ ಮಾಸಾಶನವೊಂದೇ. ಅವನ ಮನೆಯ ಸಾಲ ಆ ಮಾಸಾಶನ ಎಷ್ಟು ವರ್ಷ ಬಂದರೂ ತೀರುವಂಥದ್ದಲ್ಲ. ಅವನು ಅಪರಾಧಿಯೇ? ಕಂತು ಕಟ್ಟದೆ ಅಕ್ಕಿ ತಂದರೆ ಅದು ಪರರ ಹಣವನ್ನು ತಿಂದಂತೆಯೇ? ಈ ಪ್ರಶ್ನೆಯನ್ನು ಸ್ವಲ್ಪ ನಿಧಾನವಾಗಿ ನೋಡುವ ಅಗತ್ಯವಿದೆ.

ಮೊದಲು ಲೆಕ್ಕ. ನಮ್ಮ ರಾಜ್ಯದಲ್ಲಿ ಅಂಗವಿಕಲರಿಗೆ ವೈಕಲ್ಯದ ಪ್ರಮಾಣಕ್ಕೆ ತಕ್ಕಂತೆ ತಿಂಗಳಿಗೆ 800 ರೂಪಾಯಿ ಅಥವಾ 1,400 ರೂಪಾಯಿ ಮಾಸಾಶನ ಬರುತ್ತದೆ. ಹೆಚ್ಚಿನದನ್ನೇ ಹಿಡಿಯೋಣ. 2023ರ ಆಗಸ್ಟಿನಿಂದ ಮನೆಯೊಡತಿಗೆ ಗೃಹಲಕ್ಷ್ಮಿಯ 2,000 ರೂಪಾಯಿ ಇದೆ, ಅದೂ ಕೆಲವು ತಿಂಗಳು ತಡವಾಗಿ. ಒಟ್ಟು 3,400. ಈ ಮನೆಯ ಹೆಣ್ಣುಮಗಳು ಮೈಕ್ರೋ ಫೈನಾನ್ಸ್ ಸಂಘದಲ್ಲಿ 50,000 ರೂಪಾಯಿಯನ್ನು ವರ್ಷಕ್ಕೆ ಶೇ. 24ರ ಬಡ್ಡಿಗೆ ಎರಡು ವರ್ಷದ ಅವಧಿಗೆ ತಂದಳೆನ್ನಿ. ವಾರದ ಕಂತು ಸುಮಾರು 606 ರೂಪಾಯಿ, ತಿಂಗಳಿಗೆ 2,600ಕ್ಕಿಂತ ಹೆಚ್ಚು. ಉಳಿಯುವುದು 800 ರೂಪಾಯಿಗೂ ಕಡಿಮೆ. ಇದು ಒಂದೇ ಸಾಲವಿದ್ದರೆ! ಗಂಡನ ಆಪರೇಷನ್ನಿಗೆ ಒಂದು, ಅದರ ಕಂತಿಗೆ ಮತ್ತೊಂದು, ಆ ಎರಡರ ಕಂತಿಗೆ ಕೈಸಾಲ. ನಮ್ಮ ಕಡೆ ಸಾಲ ಬೆಳೆಯುವ ಬಗೆ ಇದು. ನಗರಗಳಲ್ಲಿ ಕ್ರೆಡಿಟ್ ಕಾರ್ಡ್ ಎಂಬ ಹೆಸರಿನಲ್ಲಿ ನಡೆಯುವುದೂ ಇದೇ. ಅಲ್ಲಿ ತಿಂಗಳಿಗೆ ಶೇ. 3ಕ್ಕೂ ಮೀರಿದ ಬಡ್ಡಿ ಸಾಮಾನ್ಯ. ಕಾರ್ಡಿನ ಬಡ್ಡಿ ವರ್ಷಕ್ಕೆ ಶೇ. 30ನ್ನು ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹಾಕಿದ್ದ ಮಿತಿಯನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ತೆಗೆದುಹಾಕಿತು.

ತುಂಗಭದ್ರೆಯ ದಂಡೆಯ ನಮ್ಮ ಮುಕ್ಕುಂದದಲ್ಲಾಗಲಿ, ಸಿಂಧನೂರಿನ ಸುತ್ತಲಿನ ಕ್ಯಾಂಪುಗಳಲ್ಲಾಗಲಿ ದುಡಿಯುವ ಕೈಗಳಿದ್ದ ಮನೆಗೆ ಭತ್ತದ ನಾಟಿ ಮತ್ತು ಕೊಯ್ಲಿನ ದಿನಗಳಲ್ಲಿ ಹೇಗೋ ಕಂತು ಹೊಂದುತ್ತದೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ರೈತರು ಮಾತ್ರವಲ್ಲ, ಸಂಘದ ಹೆಂಗಸರೂ ಎದೆ ಹಿಡಿದುಕೊಂಡು ಕುಳಿತದ್ದು ಇದಕ್ಕಾಗಿಯೇ. ನೀರಿಲ್ಲದೆ ನಾಟಿಯಿಲ್ಲ, ನಾಟಿಯಿಲ್ಲದೆ ಕೂಲಿಯಿಲ್ಲ. ಆದರೆ ಅಂಗವಿಕಲನ ಮನೆಗೆ ಕಾಲುವೆ ತುಂಬಿ ಹರಿದರೂ ಒಂದೇ, ಬತ್ತಿದರೂ ಒಂದೇ. ಅವನಿಗೆ ಒಳ್ಳೆಯ ಹಂಗಾಮು ಎಂಬುದೇ ಇಲ್ಲ.

ಈಗ ಕುರ್‌ಆನಿನ ಮಾತಿಗೆ ಬರೋಣ. ಸಾಲಗಾರನು ಕಷ್ಟದಲ್ಲಿದ್ದರೆ ಅವನಿಗೆ ಅನುಕೂಲವಾಗುವ ತನಕ ಅವಧಿ ನೀಡಬೇಕು, ಸಾಲವನ್ನು ಬಿಟ್ಟುಕೊಡುವುದಂತೂ ಇನ್ನೂ ಒಳಿತು ಎಂಬ ಆದೇಶ ಅಲ್ ಬಕರ ಅಧ್ಯಾಯದ 280ನೆಯ ಸೂಕ್ತದಲ್ಲಿದೆ. ಇಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಇವನ್ನು ಬೆರೆಸಿದ್ದರಿಂದಲೇ ನಮ್ಮಲ್ಲಿ ಬಹಳ ಗೊಂದಲ ಹುಟ್ಟಿದೆ. ಬಿಟ್ಟುಕೊಡುವುದು ಸಾಲ ಕೊಟ್ಟವನ ಔದಾರ್ಯ. ಕೊಟ್ಟರೆ ಪುಣ್ಯ, ಕೊಡದಿದ್ದರೆ ಅವನನ್ನು ದೂರುವಂತಿಲ್ಲ. ಅವಧಿ ನೀಡುವುದು ಹಾಗಲ್ಲ. ನಿಜವಾಗಿ ಕೈಯಲ್ಲಿಲ್ಲದವನಿಗೆ ಅದು ಹಕ್ಕು. ಹಕ್ಕನ್ನು ಕೇಳುವವನು ತಲೆ ತಗ್ಗಿಸಬೇಕಾಗಿಲ್ಲ. ಕೊಡಬಲ್ಲವನು ಮುಂದೂಡುವುದನ್ನು ಪ್ರವಾದಿಯವರು(ಸ) ಅಕ್ರಮವೆಂದು ಕರೆದರು. ಅಕ್ರಮವೆಂಬ ಆ ಮಾತು ಉಳ್ಳವನಿಗೆ ಸಂಬಂಧಿಸಿದ್ದು. ಅದನ್ನು ಇಲ್ಲದವನ ತಲೆಗೆ ಕಟ್ಟುವುದು ಹದೀಸಿನ ಅರ್ಥವನ್ನೇ ತಿರುಚಿದಂತೆ.

ಹಣ್ಣಿನ ಬೆಳೆ ಕೊಂಡು ನಷ್ಟವಾಗಿ ಸಾಲದಲ್ಲಿ ಮುಳುಗಿದ ಒಬ್ಬ ಸಹಾಬಿಯ ಪ್ರಸಂಗ ಮುಸ್ಲಿಮ್ ಹದೀಸ್ ಗ್ರಂಥದಲ್ಲಿದೆ. ಅವನಿಗೆ ದಾನ ಮಾಡಿರೆಂದು ಪ್ರವಾದಿವರ್ಯರು(ಸ) ಜನರಿಗೆ ಹೇಳಿದರು. ಜನ ಕೊಟ್ಟರು, ಆದರೆ ಅದು ಸಾಲಕ್ಕೆ ಸಾಲಲಿಲ್ಲ. ಆಗ ಸಾಲ ಕೊಟ್ಟವರನ್ನು ಕರೆದು, ಸಿಕ್ಕಷ್ಟನ್ನು ತೆಗೆದುಕೊಳ್ಳಿರಿ, ಅದಕ್ಕಿಂತ ಹೆಚ್ಚಿನದು ನಿಮಗೆ ಸಿಗದು ಎಂಬ ತೀರ್ಪನ್ನಿತ್ತರು. ಇದರ ಕ್ರಮವನ್ನು ಗಮನಿಸಿರಿ. ಮೊದಲು ಸಮುದಾಯ, ಅನಂತರ ಸಾಲಗಾರನಲ್ಲಿದ್ದದ್ದು, ಕೊನೆಗೆ ಸಾಲ ಕೊಟ್ಟವರ ಬಾಯಿಗೆ ಬೀಗ. ಅವನ ಮನೆಯ ಮುಂದೆ ನಾಲ್ಕು ಜನ ಕುಳಿತು ಮರ್ಯಾದೆ ಕಳೆಯುವುದಕ್ಕೆ ಆ ತೀರ್ಪಿನಲ್ಲಿ ಎಡೆಯೇ ಇರಲಿಲ್ಲ.

ನಮ್ಮ ನಾಡಿನ ಕಾನೂನೂ ಈ ವಿಷಯದಲ್ಲಿ ಮೂಕವಾಗಿಲ್ಲ. 2022ರ ಏಪ್ರಿಲಿನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮಗಳ ಪ್ರಕಾರ ಒಂದು ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ಅದರ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಮೇಲಿನ ಮನೆಯ ಅರ್ಧ ಆದಾಯ 1,700. ಕಂತು 2,600. ಅಂದರೆ ಆ ಸಾಲವನ್ನು ಕೊಡಲೇಬಾರದಿತ್ತು! ತೀರಿಸಲಾಗದೆಂದು ಲೆಕ್ಕವೇ ಹೇಳುತ್ತಿದ್ದರೂ ಕೊಟ್ಟವನು, ಆಮೇಲೆ ಹೊಣೆಯೆಲ್ಲ ಪಡೆದವನದೆಂದು ಹೇಳುವುದು ಯಾವ ನ್ಯಾಯ? ಅದೇ ನಿಯಮಗಳ ಪ್ರಕಾರ ವಸೂಲಿಗಾರರು ಬೆಳಿಗ್ಗೆ 9ರ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಬೈಯುವಂತಿಲ್ಲ, ನೆಂಟರಿಷ್ಟರನ್ನು ಕಾಡುವಂತಿಲ್ಲ. 1871ರಷ್ಟು ಹಳೆಯ ಪಿಂಚಣಿ ಕಾಯಿದೆಯ 11ನೆಯ ಕಲಮು, ಅಶಕ್ತತೆಯ ಕಾರಣಕ್ಕೆ ಸರ್ಕಾರ ನೀಡುವ ಪಿಂಚಣಿಯನ್ನು ಸಾಲಗಾರರ ಪರವಾಗಿ ಯಾವ ನ್ಯಾಯಾಲಯವೂ ಜಪ್ತಿ ಮಾಡಕೂಡದೆಂದು ಹೇಳುತ್ತದೆ. ಬ್ರಿಟಿಷರ ಕಾಲದ ಕಾಯಿದೆಗೂ ಇಷ್ಟು ತಿಳಿದಿತ್ತು.

2025ರ ಜನವರಿಯಲ್ಲಿ ವಸೂಲಿಯ ಕಿರುಕುಳ ತಾಳಲಾರದೆ ರಾಜ್ಯದ ಹಲವೆಡೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು. ಹಾವೇರಿ ಜಿಲ್ಲೆಯ ಮಹಿಳೆಯರು ಮುಖ್ಯಮಂತ್ರಿಗಳಿಗೆ ತಾಳಿಯನ್ನು ಅಂಚೆಯಲ್ಲಿ ಕಳುಹಿಸಿದರು. ಆತ್ಮಹತ್ಯೆಗಳೂ ನಡೆದವು. ಆತ್ಮಹತ್ಯೆಯಿಂದ ಸಾಲ ತೀರುವುದಿಲ್ಲ, ಅದು ಮಹಾಪಾಪ. ಆದರೆ ಆ ಬಾಗಿಲಿನ ತನಕ ಒಬ್ಬನನ್ನು ತಳ್ಳಿದವರ ಪಾಪದ ಲೆಕ್ಕವೂ ಬೇರೆ ಇದ್ದೇ ಇದೆ. ಫೆಬ್ರವರಿ 12ರಂದು ಸರ್ಕಾರ ಬಲವಂತದ ವಸೂಲಿಯನ್ನು ತಡೆಯುವ ಅಧ್ಯಾದೇಶವನ್ನು ಹೊರಡಿಸಿತು. ಅದರಲ್ಲಿ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡವಿದೆ. ಅದೇ ವರ್ಷ ಅದು ಕಾಯಿದೆಯೂ ಆಯಿತು. ಇದರ ಬೆನ್ನಿಗೇ, ಸಾಲವೆಲ್ಲ ಮನ್ನಾ ಆಯಿತು, ಇನ್ನು ಯಾರೂ ಕಟ್ಟಬೇಕಾಗಿಲ್ಲ ಎಂಬ ಸುದ್ದಿ ಹರಡಿದವರೂ ಇದ್ದರು. ಅದು ಸುಳ್ಳು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪೆನಿಯ ಸಾಲ ಆ ಕಾಯಿದೆಯಿಂದ ರದ್ದಾಗುವುದಿಲ್ಲ. ಇಂತಹ ಸುದ್ದಿ ನಂಬಿ ಕಂತು ನಿಲ್ಲಿಸುವ ಶಕ್ತನಿಗೂ, ಅಕ್ಕಿಗೇ ಇಲ್ಲದೆ ಕಂತು ನಿಲ್ಲಿಸುವ ಅಶಕ್ತನಿಗೂ ಅಲ್ಲಾಹನ ಬಳಿ ಅಜಗಜಾಂತರವಿದೆ.

ಬಡ್ಡಿಯ ಮಾತು ಬೇರೆಯೇ. ಬಡ್ಡಿ ಹರಾಮ್, ಕೊಡುವುದೂ ಪಡೆಯುವುದೂ. ಹಾಗೆಂದು ಈಗಾಗಲೇ ಬಲೆಯಲ್ಲಿ ಸಿಕ್ಕಿದವನ ಮುಂದೆ ಪ್ರವಚನ ಮಾಡುವುದರಿಂದ ಅವನ ಬಲೆ ಹರಿಯದು. ಅಸಲು ಅವನ ಮೇಲಿನ ಋಣ, ಇದರಲ್ಲಿ ಸಂದೇಹ ಬೇಡ. ಇನ್ನೊಂದು ಬಡ್ಡಿಯ ಸಾಲ ತಂದು ಮೊದಲಿನದನ್ನು ಕಟ್ಟುವುದನ್ನು ಇಂದೇ ನಿಲ್ಲಿಸಲಿ. ಕಂಪೆನಿಯ ಮುಂದೆ ಕುಳಿತು ಅವಧಿಯನ್ನೂ ಬಡ್ಡಿಯ ಕಡಿತವನ್ನೂ ಕೇಳಲಿ, ಒಪ್ಪಿದ್ದನ್ನು ಬರೆಯಿಸಿಕೊಳ್ಳಲಿ. ಸಾಲವನ್ನು ಬರೆದಿಡಲು ಹೇಳುವ ಸೂಕ್ತವೂ ಅದೇ ಅಲ್ ಬಕರದಲ್ಲಿ, ಅವಧಿಯ ಸೂಕ್ತದ ಬೆನ್ನಿಗೇ ಇದೆಯಲ್ಲವೇ?

ಅಶಕ್ತನಿಗೆ ತಪ್ಪದ ಒಂದು ಹೊಣೆಯಿದೆ. ಅದು ಸತ್ಯ ಹೇಳುವ ಹೊಣೆ. ಪ್ರವಾದಿವರ್ಯರು(ಸ) ನಮಾಝಿನಲ್ಲಿ ಸಾಲದಿಂದ ಅಭಯ ಬೇಡುತ್ತಿದ್ದರು. ಕಾರಣ ಕೇಳಿದಾಗ, ಸಾಲದಲ್ಲಿ ಬಿದ್ದವನು ಮಾತನಾಡಿದರೆ ಸುಳ್ಳಾಡುತ್ತಾನೆ, ಮಾತು ಕೊಟ್ಟರೆ ಮುರಿಯುತ್ತಾನೆ ಎಂದು ತಿಳಿಸಿದರು. ಅವರು ಅಂಜಿದ್ದು ಬಡತನಕ್ಕಲ್ಲ, ನಾಲಿಗೆ ಕೆಡುವುದಕ್ಕೆ. ಕಂತಿನ ದಿನ ಶಾಲೆಗೆ ತಡವಾಗಿ ಬರುವ ಮಕ್ಕಳನ್ನು ಶಿಕ್ಷಕನಾಗಿ ನಾನು ಕಂಡಿದ್ದೇನೆ. ಬಾಗಿಲಲ್ಲಿ ನಿಂತು, ಅಬ್ಬಾ ಮನೆಯಲ್ಲಿಲ್ಲ ಎಂದು ಹೇಳುವ ಕೆಲಸ ಅವರದು. ಒಳಗೆ ಮಂಚದ ಮೇಲೆ ಎದ್ದು ಓಡಲಾರದ ಅಬ್ಬಾ ಉಸಿರು ಬಿಗಿಹಿಡಿದು ಮಲಗಿರುತ್ತಾನೆ. ಆ ಮಗುವಿಗೆ ನಾನು ತರಗತಿಯಲ್ಲಿ ಸತ್ಯದ ಪಾಠ ಮಾಡಬೇಕು. ನನ್ನಲ್ಲಿಲ್ಲ, ಇಂತಿಷ್ಟು ಬರುತ್ತದೆ, ಇಂತಿಷ್ಟು ಮಾತ್ರ ಕೊಡಬಲ್ಲೆ ಎಂದು ಅವನೇ ಹೇಳಿದ್ದರೆ ಮಗು ಸಮಯಕ್ಕೆ ಶಾಲೆಗೆ ಬರುತ್ತಿತ್ತು.

ಇಷ್ಟಾದರೂ ನಿಜವಾದ ಕಗ್ಗಂಟು ಬಿಚ್ಚಿಲ್ಲ. ಈ ಸಾಲ ಒಬ್ಬರದಲ್ಲ, ಸಂಘದ್ದು. ಒಬ್ಬಳು ಕಟ್ಟದಿದ್ದರೆ ಉಳಿದವರು ತುಂಬಿಕೊಡಬೇಕು, ಇಲ್ಲವಾದರೆ ಸಭೆ ಮುಗಿಯುವುದಿಲ್ಲ. ಅಂದರೆ ಅಂಗವಿಕಲನ ಮನೆಯ 606 ರೂಪಾಯಿ ನಿಂತಾಗ ಅದರ ಏಟು ಬೀಳುವುದು ಕಂಪೆನಿಗಲ್ಲ, ಅವನ ಮನೆಯಷ್ಟೇ ಬಡವಾದ ಪಕ್ಕದ ಮನೆಗೆ. ಸಾಲ ಕೊಟ್ಟವರು ಕಾಯಬೇಕು ಎಂಬ ಸೂಕ್ತವನ್ನು ಕಂಪೆನಿಯವರ ಮುಂದೆ ಓದಬಹುದು, ತನ್ನ ಕೂಲಿಯಲ್ಲಿ ಇವರ ಕಂತು ಕಟ್ಟಿದ ಹೆಂಗಸಿನ ಮುಂದೆ ಯಾವ ಮುಖದಿಂದ ಓದುವುದು? ಜಾಮೀನು ನಿಂತವನು ಸಾಲಗಾರನ ಕೋರಿಕೆಯಂತೆ ಕಟ್ಟಿದರೆ ಅದನ್ನು ಅವನಿಂದ ಮರಳಿ ಪಡೆಯುವ ಹಕ್ಕು ಜಾಮೀನುದಾರನಿಗಿದೆ ಎಂಬುದು ಫಿಕ್ಹ್‌ನ ನಿಯಮ. ಆದುದರಿಂದ ಸಾಲ ಅಳಿಯಲಿಲ್ಲ, ಮನೆ ಬದಲಿಸಿತು ಅಷ್ಟೇ.

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಿದೆ. ಅನ್ನ ಮತ್ತು ಔಷಧಿ ಮೊದಲು, ಅದರಲ್ಲಿ ಅನುಮಾನವಿಲ್ಲ. ಆಮೇಲೆ ಉಳಿಯುವ ನೂರೋ ಇನ್ನೂರೋ ಮೊದಲು ಸೇರಬೇಕಾದದ್ದು ಆ ನೆರೆಯವಳಿಗೆ, ಕಂಪೆನಿಗೆ ಅಲ್ಲ. ಅವಳು ಯಾವ ಜಾತಿ ಧರ್ಮದವಳಾದರೂ ಸರಿಯೇ. ನಮ್ಮೂರ ಸಂಘಗಳಲ್ಲಿ ಎಲ್ಲರೂ ಇದ್ದಾರೆ. ಮತ್ತು ಕಟ್ಟಲಾಗದೆಂಬ ಮಾತನ್ನು ಕಂತಿನ ದಿನ, ಎಲ್ಲರೂ ಸೇರಿದ ಮೇಲೆ ಹೇಳಬಾರದು. ಹತ್ತು ದಿನ ಮೊದಲೇ ಹೇಳಬೇಕು. ಆಗ ಹತ್ತು ಹೆಂಗಸರೂ ಒಟ್ಟಿಗೆ ಶಾಖೆಗೆ ಹೋಗಿ ಕಂತು ಕಿರಿದು ಮಾಡಿ, ಅವಧಿ ಹಿರಿದು ಮಾಡಿ ಎಂದು ಕೇಳಲು ಬರುತ್ತದೆ. ಒಬ್ಬಳೇ ಹೋದರೆ ಬೈಗುಳ, ಹತ್ತು ಮಂದಿ ಹೋದರೆ ಕುರ್ಚಿ.

ಮದೀನದ ಮಸೀದಿಯಲ್ಲಿ ಕಅಬ್ ಬಿನ್ ಮಾಲಿಕ್(ರ) ತಮಗೆ ಬರಬೇಕಾದ ಸಾಲವನ್ನು ಕೇಳಿ ಜೋರು ಮಾತಾದಾಗ ಪ್ರವಾದಿವರ್ಯರು(ಸ) ತಮ್ಮ ಕೋಣೆಯ ಪರದೆ ಸರಿಸಿ, ಅರ್ಧ ಬಿಟ್ಟುಬಿಡೆಂದು ಕೈಸನ್ನೆ ಮಾಡಿದರು. ಕಅಬ್(ರ) ಒಪ್ಪಿದೊಡನೆ ಸಾಲಗಾರನ ಕಡೆ ತಿರುಗಿ, ಏಳು, ಉಳಿದದ್ದನ್ನು ಕೊಡು ಎಂದರು. ಸಾಲದ ಜಗಳ ಮಸೀದಿಯೊಳಗೆ ತೀರ್ಮಾನವಾಯಿತು ಎಂಬುದು ನಮ್ಮ ಜಮಾಅತಿನ ಹಿರಿಯರು ನೆನೆಯಬೇಕಾದ ಸಂಗತಿ. ನಿಕಾಹ್ ತಲಾಕಿನ ಪಂಚಾಯಿತಿಗೆ ರಾತ್ರಿ ಹನ್ನೆರಡರ ತನಕ ಕೂರುವವರು ಸಾಲದ ಪಂಚಾಯಿತಿಗೆ ಏಕೆ ಕೂರಬಾರದು?

ಮೊದಲು ಹೇಳಿದ ಮಯ್ಯಿತ್‌ನ ಘಟನೆಗೆ ಮುಂದುವರಿಕೆಯೊಂದಿದೆ. ವಿಜಯಗಳು ಲಭಿಸಿ ಬೈತುಲ್ ಮಾಲಿಗೆ ಹಣ ಬಂದ ಮೇಲೆ, ಸಾಲ ಬಿಟ್ಟು ಸತ್ತವನ ಸಾಲ ನನ್ನ ಮೇಲೆ ಎಂದು ಪ್ರವಾದಿವರ್ಯರು(ಸ) ಘೋಷಿಸಿದರು. ಹ. ಉಮರ್(ರ) ಭಿಕ್ಷೆ ಬೇಡುತ್ತಿದ್ದ ಕುರುಡ ಯಹೂದಿ ಮುದುಕನನ್ನು ಕಂಡು ಅವನ ಕೈಹಿಡಿದು ಮನೆಗೆ ಕರೆದೊಯ್ದು, ಬೈತುಲ್ ಮಾಲಿನಿಂದ ಅವನಿಗೆ ಸಲ್ಲುವಂತೆ ಏರ್ಪಡಿಸಿದ್ದನ್ನು ಇಮಾಮ್ ಅಬೂ ಯೂಸುಫ್ ದಾಖಲಿಸಿದ್ದಾರೆ. ನಮ್ಮಲ್ಲಿ ಬೈತುಲ್ ಮಾಲ್ ಇಲ್ಲ. ಆದರೆ ಝಕಾತ್ ಇದೆ. ಅತ್ತೌಬ ಅಧ್ಯಾಯದ 60ನೆಯ ಸೂಕ್ತ ಝಕಾತಿನ ಎಂಟು ಬಾಬುಗಳನ್ನು ಎಣಿಸುವಾಗ ಸಾಲದಲ್ಲಿ ಸಿಕ್ಕಿದವರನ್ನು ಬೇರೆಯಾಗಿಯೇ ಹೆಸರಿಸಿದೆ. ರಮಝಾನ್ ಬಂದಾಗ ನಮ್ಮ ಊರುಗಳಲ್ಲಿ ಬರೆಯುವ ಪಟ್ಟಿಯನ್ನು ನೋಡಿರಿ: ವಿಧವೆಯರು, ಅನಾಥರು, ರೋಗಿಗಳು. ಸಾಲಗಾರನಿಗೆ ಆ ಪಟ್ಟಿಯಲ್ಲಿ ಕಾಲಮೇ ಇಲ್ಲ. ಅವನಿಗೂ ಒಂದು ಸೀರೆ, ಒಂದು ಕಿಟ್ಟು ಕೊಟ್ಟು ಕಳುಹಿಸುತ್ತೇವೆ. ಅವನು ಅದನ್ನು ಹಿಡಿದುಕೊಂಡು ಕಂತಿನವನ ಎದುರು ಹೋಗುತ್ತಾನೆ.

ಒಂದು ಮಸ್‌ಅಲೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಬಹಳ ಜನ ಕೇಳುವುದರಿಂದ. ತನಗೆ ಬರಬೇಕಾದ ಸಾಲವನ್ನು ಬಡವನಿಗೆ ಬಿಟ್ಟುಕೊಟ್ಟು ಅದನ್ನೇ ಝಕಾತೆಂದು ಎಣಿಸುವುದು ಹನಫೀ ಮದ್‌ಹಬಿನಲ್ಲಿ ಸಾಲದು. ಏಕೆಂದರೆ ಝಕಾತ್ ಹಣ ಬಡವನ ಕೈ ಸೇರಬೇಕು. ಹಣವನ್ನು ಅವನಿಗೆ ಕೊಟ್ಟುಬಿಡಿ, ಅವನು ಅದರಿಂದಲೇ ನಿಮ್ಮ ಸಾಲ ತೀರಿಸಲಿ, ಅಡ್ಡಿಯಿಲ್ಲ. ಕಂಪೆನಿಯ ಸಾಲವಾದರೆ ಅವನ ಒಪ್ಪಿಗೆ ಪಡೆದು ಜಮಾಅತಿನವರೇ ಶಾಖೆಗೆ ಹೋಗಿ ಕಟ್ಟಿ, ರಸೀದಿಯನ್ನೂ ಸಾಲ ಮುಕ್ತಾಯದ ಪತ್ರವನ್ನೂ ಅವನ ಹೆಂಡತಿಯ ಕೈಗೆ ಕೊಡುವುದು ಇನ್ನೂ ಸುಲಭ. ಸಾಲ ಅವಳ ಹೆಸರಿನಲ್ಲಿದೆ.